ಎಳ್ಳಮಾವಾಸ್ಯೆಯ ಚರಗವೂ ದ್ರಾಕ್ಷಿಯ ಸುಗ್ಗಿಯೂ

ಎಳ್ಳಮಾವಾಸ್ಯೆಯ ದಿವಸ ವಿಜಯಪುರದಿಂದ ಪಶ್ಚಿಮಕ್ಕೆ ತಿಕೋಟೆಯ ಮಾರ್ಗ ಹಿಡಿದವರಿಗೆ ಊರುಗಳು ಬರಿದಾಗಿಯೂ ಹೊಲಗಳು ತುಂಬಿಯೂ ತೋರುವವು. ಸಜ್ಜಿರೊಟ್ಟಿ, ಶೇಂಗಾದ ಹೋಳಿಗೆ, ಪುಂಡಿಪಲ್ಯಗಳ ಬುತ್ತಿಯೊಡನೆ ಒಕ್ಕಲಿಗರು ಮನೆಮಂದಿಸಹಿತ ಹೊಲಕ್ಕೆ ತೆರಳಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಬಿಳಿಜೋಳದ ಬೆಳೆಗೆ ಚರಗ ಚೆಲ್ಲುವರು. ಬಳಿಕ ಪಟ್ಟಣದ ನೆಂಟರೊಡನೆ ಪಂಕ್ತಿಯಾಗಿ ಕುಳಿತು ಉಣ್ಣುವರು.

ಈ ಪೂಜೆಯು ಮಳೆಯನ್ನು ನಂಬಿದ ಎರೆಭೂಮಿಯದು. ದ್ರಾಕ್ಷಿಯಾದರೋ ದೊರಕಿಸಿಕೊಂಡ ನೀರಿನ ಬೆಳೆ. ಈ ಸೀಮೆಯಲ್ಲಿ ನೀರು ಎಂದೂ ಸುಲಭವಾಗಿರಲಿಲ್ಲ. ಆದಿಲಶಾಹಿ ಅರಸರು ಇದೇ ಮಾರ್ಗದ ತೊರವಿಯಿಂದ ನೆಲದೊಳಗಿನ ಸುರಂಗಗಳ ಮೂಲಕ ಪಟ್ಟಣಕ್ಕೆ ನೀರು ತಂದರು. 1651ರಲ್ಲಿ ಮುಹಮ್ಮದ ಆದಿಲಶಹನು ಬೇಗಂ ತಲಾಬನ್ನು ಕಟ್ಟಿಸಿದನು. ಗತಶತಮಾನದ ಉತ್ತರಾರ್ಧದಲ್ಲಿ ಕೊಳವೆಬಾವಿಗಳೂ ತರುವಾಯ ಹನಿ ನೀರಾವರಿಯೂ ಬಂದ ಮೇಲೆ ತಿಕೋಟಾ, ಬಬಲೇಶ್ವರಗಳ ಸುತ್ತ ದ್ರಾಕ್ಷಿಯ ಚಪ್ಪರಗಳು ಹಬ್ಬಿದವು. ಬರಗಾಲದಲ್ಲಿ ಬಾವಿಗಳು ಬತ್ತಿದಾಗ ಸಾಲ ಮಾಡಿ, ಟ್ಯಾಂಕರಿನ ನೀರು ಕೊಂಡು ಬಳ್ಳಿ ಉಳಿಸಿಕೊಂಡವರುಂಟು. ಕೃಷ್ಣೆಯ ನೀರನ್ನು ಮೇಲೆತ್ತುವ ತುಬಚಿ-ಬಬಲೇಶ್ವರ ಏತ ನೀರಾವರಿಯು ಈ ಕಷ್ಟದಿಂದಲೇ ಹುಟ್ಟಿದ ಯೋಜನೆ.

ಅಕ್ಟೋಬರದ ಸುಮಾರಿಗೆ ಚಾಟ್ನಿಯಾದ ಬಳ್ಳಿಯಲ್ಲಿ ಎಳ್ಳಮಾವಾಸ್ಯೆಯ ಹೊತ್ತಿಗೆ ಕಾಯಿ ಇನ್ನೂ ಹುಳಿಯೇ. ಮಾಘ-ಫಾಲ್ಗುಣಗಳಲ್ಲಿ ಕೊಯ್ದು, ನೆರಳಿನ ಶೆಡ್ಡುಗಳಲ್ಲಿ ಅಂತಸ್ತು ಅಂತಸ್ತಾಗಿ ಬಿಗಿದ ಬಲೆಗಳ ಮೇಲೆ ಹರವಿ ಒಣಗಿಸಿದರೆ, ಸುಮಾರು 4 ಕಿಲೋ ಹಣ್ಣಿಗೆ 1 ಕಿಲೋ ಒಣದ್ರಾಕ್ಷಿ ದೊರೆಯುವುದು. ಅಷ್ಟರೊಳಗೆ ಅಕಾಲದ ಮಳೆ ಸುರಿದರೆ ವರ್ಷದ ದುಡಿಮೆಯೇ ಹಾಳು. ಜೋಳಕ್ಕೆ ಬೇಕಾದ ಮಳೆಯನ್ನು ಬೇಡಿದ ಕೈಗಳೇ ದ್ರಾಕ್ಷಿಗಾಗಿ ಮಳೆ ಬಾರದಿರಲೆಂದು ಮುಗಿಯುವವು. ಚರಗ ಚೆಲ್ಲುವ ಒಕ್ಕಲಿಗನು ಈ ಎರಡು ಹರಕೆಗಳ ನಡುವೆಯೇ ಬಾಳುತ್ತಿರುವನು.