ಅತಿಭಾರಾರೋಪಣ: ವ್ರತದಿಂದ ಕಾಯಿದೆಯವರೆಗೆ

ಶ್ರಾವಕನ ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಎತ್ತು, ಕತ್ತೆಗಳ ಮೇಲೆ ಸರಕು ಹೇರಿ ದೂರದೇಶಗಳಿಗೆ ಸಾಗಿಸುತ್ತಿದ್ದ ವರ್ತಕನಿಗೆ ಇವು ನಿತ್ಯದ ಪರೀಕ್ಷೆಗಳಾಗಿದ್ದವು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣ ವ್ರತದ ಅತಿಚಾರಗಳಲ್ಲಿಯೂ ಅತಿವಾಹನ, ಅತಿಭಾರವಹನಗಳನ್ನು ಸೇರಿಸಿದ್ದಾರೆ. ಶಕ್ತಿ ಮೀರಿ ನಡೆಸುವುದಕ್ಕೂ ಶಕ್ತಿ ಮೀರಿ ಹೊರಿಸುವುದಕ್ಕೂ ಮೂಲ ಲೋಭವೇ ಎಂಬುದು ಇದರ ತಾತ್ಪರ್ಯ.

ಲೋಭವನ್ನು ತಡೆಯಲು ಸಂಕಲ್ಪದೊಡನೆ ಲೆಕ್ಕವೂ ಬೇಕು. ಅಯ್ಯಾವೊಳೆಯ ಐನೂರ್ವರೇ ಮೊದಲಾದ ವಣಿಕ್ ಸಂಘಗಳ ಕಾಲದ ಶಾಸನಗಳಲ್ಲಿ ‘ಹೇರು’ ಎಂಬುದು ಸುಂಕಕ್ಕೂ ದಾನಕ್ಕೂ ಒಂದು ಮಾನ. 1204ರಲ್ಲಿ ವೇಣುಗ್ರಾಮದ, ಅಂದರೆ ಇಂದಿನ ಬೆಳಗಾವಿಯ, ರಟ್ಟ ಜಿನಾಲಯಕ್ಕೆ ವರ್ತಕರು ತಮ್ಮ ಸರಕಿನ ಮೇಲೆ ಆಯವನ್ನು ಬಿಟ್ಟುಕೊಟ್ಟರು. ಆದರೆ ಹೇರಿಗಿಷ್ಟು ಎಂಬ ಕಟ್ಟಳೆ ದೇವರ ಆಯವನ್ನು ಕಾಯಬಲ್ಲದು. ಎತ್ತಿನ ಬೆನ್ನನ್ನು ಕಾಯಲು ಹೇರಿನ ತೂಕಕ್ಕೇ ಮಿತಿ ಬೇಕು.

ಸ್ವತಂತ್ರ ಭಾರತದಲ್ಲಿ ಆ ಮಿತಿಯು ಕಾಯಿದೆಯ ರೂಪ ತಳೆಯಿತು. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯನ್ವಯ 1965ರಲ್ಲಿ ಬಂದ ನಿಯಮಗಳು ಕತ್ತೆಯ ಬೆನ್ನಿಗೆ 50 ಕಿಲೋಗ್ರಾಂ ಮೀರಬಾರದೆಂದೂ, ದಿನಕ್ಕೆ ಒಟ್ಟು 9 ಗಂಟೆಗಿಂತ, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದೆಂದೂ ವಿಧಿಸಿದವು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ಚಾಲಕನ ದುಡಿಮೆಗೂ ದಿನಕ್ಕೆ 8 ಗಂಟೆಯ ಎಲ್ಲೆ ಹಾಕಿತು. ಅತಿವಾಹನದ ವಿಚಾರವೇ ಇಲ್ಲಿ ಗಂಟೆಗಳ ಲೆಕ್ಕವಾಯಿತು.

ಲಾರಿಯು ಅಜೀವ, ಅದಕ್ಕೆ ನೋವಿಲ್ಲ ಎಂಬ ಸಮಾಧಾನ ಸಲ್ಲದು. ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗೆ ತಗಲುವ ಹಾನಿ ಸುಮಾರು 16 ಪಟ್ಟಾಗುತ್ತದೆಂದು ರಸ್ತೆ ನಿರ್ಮಾಣ ಬಲ್ಲವರು ಲೆಕ್ಕ ಹಾಕುತ್ತಾರೆ. ಬ್ರೇಕು ಹಿಡಿಯದಾದಾಗ ಸಾಯುವವರು ಜೀವಗಳೇ. 1988ರ ಮೋಟಾರು ವಾಹನ ಕಾಯಿದೆಯ 194ನೆಯ ಕಲಮು ಮಿತಿಮೀರಿದ ಭಾರದ ವಾಹನವನ್ನು ನಡೆಸುವವನು, ನಡೆಸುವಂತೆ ಮಾಡುವವನು, ನಡೆಸಲು ಬಿಡುವವನು ಎಂಬ ಮೂವರನ್ನೂ ಹೊಣೆಗಾರರನ್ನಾಗಿಸುತ್ತದೆ. 2019ರ ತಿದ್ದುಪಡಿಯಿಂದ ದಂಡ 20,000 ರೂಪಾಯಿ, ಹೆಚ್ಚುವರಿ ಟನ್ನಿಗೆ ಮತ್ತೆ 2,000 ರೂಪಾಯಿ. ಕೃತ, ಕಾರಿತ, ಅನುಮೋದಿತ ಎಂಬ ನಮ್ಮ ವಿಭಾಗಕ್ಕೂ ಇದಕ್ಕೂ ಇರುವ ಸಾಮ್ಯ ಗಮನಾರ್ಹ.

ಆದುದರಿಂದ ಬಾಡಿಗೆ ಉಳಿಯಲೆಂದು ಇನ್ನೆರಡು ಟನ್ನು ಹಾಕಿಸುವ ವರ್ತಕನೂ, ಜೀರ್ಣೋದ್ಧಾರಕ್ಕೆ ಕಲ್ಲು, ಸಿಮೆಂಟು ತರಿಸುವ ಬಸದಿಯ ಆಡಳಿತ ಮಂಡಳಿಯೂ ಈ ಅತಿಚಾರದಿಂದ ಹೊರತಲ್ಲ. ತೂಕದ ಚೀಟಿಯಿಲ್ಲದ ಬಿಲ್ಲಿಗೆ ಹಣ ಪಾವತಿಸದಿರುವುದು, ವಾಹನದ ನೋಂದಾಯಿತ ಭಾರಮಿತಿಯನ್ನು ಪುಸ್ತಕದಲ್ಲಿ ಬರೆದಿಡುವುದು, ಚಾಲಕನ ವಿಶ್ರಾಂತಿಗೆ ಅವಕಾಶವಿಟ್ಟು ದಿನ ಗೊತ್ತುಮಾಡುವುದು: ಇವು ಸಣ್ಣ ಕ್ರಮಗಳು. ವ್ರತವು ಬಾಳುವುದು ಇಂಥ ಕ್ರಮಗಳಿಂದಲೇ.