ಪದ ಪರಿಚಯ: ಸ್ಪಂದನ

ಮಂಗಳೂರಿನ ಪತ್ರಿಕೆಗಳಲ್ಲಿ ‘ಜನಸ್ಪಂದನ ಸಭೆ’, ‘ಅಹವಾಲಿಗೆ ಸ್ಪಂದಿಸಿದರು’ ಎಂಬ ಮಾತುಗಳು ನಮಗೆ ಪರಿಚಿತ. ಈ ಪದದ ಮೂಲ ಸಂಸ್ಕೃತದ ‘ಸ್ಪಂದ್’ ಧಾತು. ಅರ್ಥ ಅದುರು, ಮಿಡಿ. ಕಿಟ್ಟೆಲರ ನಿಘಂಟು 1894ರಲ್ಲಿ ಇದೇ ಊರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದಾಗ ಮೆದುಳಿನ ಸ್ಪಂದನವನ್ನು ಚಿತ್ರವಾಗಿ ಕಾಣಿಸುವ ಯಂತ್ರ ಎಲ್ಲೂ ಇರಲಿಲ್ಲ.

ಈಗ ಇದೆ. ಮೆದುಳಿನ ಚಟುವಟಿಕೆ ಹೆಚ್ಚಿದಲ್ಲಿ ರಕ್ತದ ಆಮ್ಲಜನಕ ಬದಲಾಗುವುದನ್ನು ಎಂಆರ್‌ಐ ಹಿಡಿಯಬಲ್ಲದು ಎಂದು 1990ರಲ್ಲಿ ವಿಜ್ಞಾನಿ ಸೇಜಿ ಒಗಾವಾ ತೋರಿಸಿದರು. ಚೆಂಡೆಯ ಒಂದು ಪೆಟ್ಟು ಕೇಳಿಸಿದರೆ ಮೆದುಳಿನ ಶ್ರವಣಭಾಗದ ಎಂಆರ್‌ಐ ಸಂಕೇತ ಮೆಲ್ಲನೆ ಏರಿ, ಸುಮಾರು 5–6 ಸೆಕೆಂಡಿಗೆ ತುದಿ ಮುಟ್ಟಿ, ಇಳಿದು, ಮೂಲಮಟ್ಟಕ್ಕಿಂತ ತುಸು ಕೆಳಗೂ ಹೋಗುತ್ತದೆ. ಒಂದೇ ಸೆಕೆಂಡಿನಲ್ಲಿ ಇನ್ನೊಂದು ಪೆಟ್ಟು ಬಿದ್ದರೆ? ಎರಡೂ ಅಲೆಗಳನ್ನು ಕೂಡಿಸಿದಷ್ಟು ಸಂಕೇತ ಬರುವುದಿಲ್ಲ. ಎರಡನೆಯದು ತಗ್ಗಿರುತ್ತದೆ, ಕೆಲವೊಮ್ಮೆ ತಡವೂ ಆಗುತ್ತದೆ. ಇದು ‘ಅರೇಖೀಯ ಸ್ಪಂದನ’.

ಬರೀ ಕೂಡಿಸಿ ಲೆಕ್ಕ ಹಾಕಿದರೆ ಪೆಟ್ಟುಗಳು ಬೇಗಬೇಗ ಬೀಳುವ ಪ್ರಯೋಗದ ಫಲಿತಾಂಶ ದಾರಿ ತಪ್ಪುತ್ತದೆ. ಹಾಗಾಗಿ ಪೆಟ್ಟುಗಳ ನಡುವಿನ ಅಂತರವನ್ನು ಏರುಪೇರು ಮಾಡಿ ಅಲೆಗಳನ್ನು ಬಿಡಿಸುತ್ತಾರೆ. ಹಿಂದಿನ ಪೆಟ್ಟಿನ ಪ್ರಭಾವವನ್ನು ವೋಲ್ಟೆರಾ ಶ್ರೇಣಿಯಂಥ ಗಣಿತದಿಂದ ಲೆಕ್ಕಕ್ಕೆ ತರುತ್ತಾರೆ. ಮೆದುಳಿನ ಈ ಅಲೆಗೆ ‘ಪ್ರತಿಕ್ರಿಯೆ’ ಎನ್ನುವವರೂ ಇದ್ದಾರೆ. ಆದರೆ ಏರಿಳಿತದ ಅರ್ಥ ಒಳಗೇ ಇರುವ ‘ಸ್ಪಂದನ’ವೇ ಇಲ್ಲಿ ಸರಿಯಾದ ಪದ. ವಿಜ್ಞಾನ ಬರೆಯುವವರು ಇದನ್ನೇ ಬಳಸಲಿ.