ಗಾಳಿ ಸೀಳುವ ವಿದ್ಯೆ

ಸೈಕಲ್ ಕೊಂಡು ಆಮೇಲೆ ಅದನ್ನು ಕಲಿಯುವುದು ನಮ್ಮ ಹಳ್ಳಿಗಳಿಗೆ ತೀರ ಈಚೆಗೆ ಬಂದ ರೂಢಿ. ಅದಕ್ಕೂ ಮುಂಚಿನ ಎರಡು ಮೂರು ತಲೆಮಾರು ಕಲಿತದ್ದು ಬಾಡಿಗೆ ಸೈಕಲ್ಲಿನಲ್ಲಿ. ಕಣಕಟ್ಟೆಯಂಥ ಹೋಬಳಿ ಕೇಂದ್ರವಾಗಲಿ, ರೈಲು ಜಂಕ್ಷನ್ನಿನ ಅರಸೀಕೆರೆಯಾಗಲಿ, ಬೇಲೂರು ಹಳೇಬೀಡುಗಳಾಗಲಿ, ಸೈಕಲ್ ಶಾಪಿನಿಂದ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತಂದ ದೊಡ್ಡವರ ಸೈಕಲ್ಲಿನ ಮೇಲೆ ಹುಡುಗರು ಮೊದಲು ಒಳಪೆಡಲು, ಆಮೇಲೆ ಬಾರು, ಕಡೆಗೆ ಸೀಟು ಎಂದು ಹಂತ ಹಂತವಾಗಿ ಕಲಿತರು. ಹಿಂದೆ ಕ್ಯಾರಿಯರ್ ಹಿಡಿದು ಓಡಿಬರಲು ಅಣ್ಣನೋ ಸೋದರಮಾವನೋ ಇರುತ್ತಿದ್ದ. 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನೀಪತ್‌ನ ಅಟ್ಲಾಸ್, 1956ರಲ್ಲಿ ಲೂಧಿಯಾನಾದ ಹೀರೊ ಹುಟ್ಟಿಕೊಂಡು ದೇಶದಲ್ಲೇ ತಯಾರಾದ ಸೈಕಲ್ ಊರೂರಿಗೆ ಬಂದ ಮೇಲೂ ಸ್ವಂತ ಸೈಕಲ್ ಎಂಬುದು ಮೇಷ್ಟರು, ಪೋಸ್ಟ್‌ಮನ್, ಹಾಲು ಹಾಕುವವರು, ಹೊಸ ಅಳಿಯಂದಿರು ಇಂಥವರಿಗೆ ಮಾತ್ರ ಇತ್ತು. ಸೈಕಲ್ ತುಳಿಯುವುದು ಮಾತ್ರ ಊರಿನ ಹುಡುಗರಿಗೆಲ್ಲ ಬರುತ್ತಿತ್ತು. ಹುಡುಗಿಯರಿಗೆ ಆ ಅವಕಾಶ ಬಹಳ ತಡವಾಗಿ ಸಿಕ್ಕಿತು ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಈ ಹಳೆಯ ಕ್ರಮವನ್ನು ನೆನೆಯಲು ಕಾರಣವಿದೆ. ಇಂದು ಸೈಕಲ್ ರೇಸಿನ ಆಸೆ ಹುಟ್ಟಿದವರ ಮುಂದೆ ಬರುವ ಮೊದಲ ಪ್ರಶ್ನೆ ದುಡ್ಡಿನದು. ಗಾಳಿಯ ತಡೆ ತಗ್ಗಿಸುವಂತೆ ರೂಪಿಸಿದ ಕಾರ್ಬನ್ ರೇಸ್ ಸೈಕಲ್, ಅಂದರೆ ಏರೊ ಸೈಕಲ್, ಕೆಲವು ಲಕ್ಷ ರೂಪಾಯಿಗಳಿಂದ ಶುರುವಾಗಿ ಹತ್ತು ಲಕ್ಷವನ್ನೂ ದಾಟುತ್ತದೆ. ಅದೇ ಹಣವನ್ನು ಒಬ್ಬ ಒಳ್ಳೆಯ ಕೋಚ್ ಕೈಗೆ ಕೊಟ್ಟು ವರ್ಷಗಟ್ಟಲೆ ಕಲಿಯಬಹುದು. ಯಾವುದು ಮೊದಲು? ಅಂಗಡಿಯವರಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ. ಆದರೆ ಕರ್ನಾಟಕದ ಸೈಕಲ್ ರೇಸಿನ ಚರಿತ್ರೆ ಬೇರೆಯದೇ ಉತ್ತರ ಕೊಡುತ್ತದೆ ಎಂಬುದು ನನ್ನ ವಾದ: ರೇಸುಗಾರರನ್ನು ಹುಟ್ಟಿಸಿದ್ದು ಕಲಿಕೆ, ಯಂತ್ರ ಬಂದದ್ದು ಅದರ ಹಿಂದೆ.

ನಮ್ಮ ರಾಜ್ಯದಲ್ಲಿ ರೇಸ್ ಸೈಕಲ್ಲಿಗೆ ಎರಡು ಪರಂಪರೆಗಳಿವೆ. ಮೊದಲನೆಯದು ವಿಜಯಪುರ, ಬಾಗಲಕೋಟೆ, ಗದಗ ಸೀಮೆಯದು. ಕರಿಮಣ್ಣಿನ ಬಯಲು, ಉದ್ದಕ್ಕೆ ಚಾಚಿದ ನೇರ ರಸ್ತೆ, ಮರೆಯಿಲ್ಲದೆ ಬೀಸುವ ಗಾಳಿ. ಅಲ್ಲಿನ ಒಕ್ಕಲು ಮನೆಗಳ ಮಕ್ಕಳನ್ನು ಎಳವೆಯಲ್ಲೇ ಆರಿಸಿ, ಕ್ರೀಡಾ ಇಲಾಖೆಯ ವಸತಿ ನಿಲಯಗಳಲ್ಲಿ ಇರಿಸಿ, ಊಟ, ಓದು, ತರಬೇತಿ ಮೂರನ್ನೂ ಒಂದೇ ಸೂರಿನಡಿ ಕೊಟ್ಟ ವ್ಯವಸ್ಥೆ ಅದು. ಬೆಳಗಾವಿ ಜಿಲ್ಲೆ ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆಯೂ ಇದೇ ದಾರಿಯಲ್ಲಿ ನಡೆದು ಬಂದಿದೆ. ವಿಜಯಪುರದ ಸೈಕಲ್ ಪಟುಗಳು ದಶಕಗಟ್ಟಲೆ ವೆಲೊಡ್ರೋಮ್ ಇಲ್ಲದೆಯೇ ತಯಾರಾದರು. ಓರೆಯಾಗಿ ಏರಿದ ವರ್ತುಲ ಟ್ರ್ಯಾಕಿನ ಮೇಲೆ ನಡೆಯಬೇಕಾದ ಸ್ಪರ್ಧೆಗೂ ಅವರ ಅಭ್ಯಾಸ ಹೆದ್ದಾರಿಯ ಅಂಚಿನಲ್ಲಿ, ಲಾರಿಗಳ ಪಕ್ಕದಲ್ಲಿ. ಆದರೂ ರಾಷ್ಟ್ರೀಯ ಕೂಟಗಳಿಂದ ಕರ್ನಾಟಕಕ್ಕೆ ಪದಕ ತಂದವರಲ್ಲಿ ಬಹುಪಾಲು ಈ ಸೀಮೆಯವರೇ. ಅಲ್ಲಿಂದ ಎಷ್ಟೋ ಮಂದಿ ರೈಲ್ವೆಗೆ, ಸೇನೆಗೆ ಸೇರಿ ಆ ತಂಡಗಳ ಪರವಾಗಿಯೂ ಗೆದ್ದರು. ಒಂದು ಊರಿನಲ್ಲಿ ಸೈಕಲ್ ತುಳಿದು ನೌಕರಿ ಹಿಡಿದವನೊಬ್ಬ ಇದ್ದರೆ, ಅವನ ಹಿಂದೆ ಹತ್ತು ಮಕ್ಕಳು ನಸುಕಿನಲ್ಲೇ ಎದ್ದು ರಸ್ತೆಗೆ ಇಳಿಯುತ್ತಾರೆ. ಹಿರಿಯರ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಕಿರಿಯರು ಕಲಿಯುವ ಈ ಸರಪಳಿಯನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು.

ಎರಡನೆಯ ಪರಂಪರೆ ಬೆಂಗಳೂರಿನದು, ವಯಸ್ಸಿನಲ್ಲಿ ಚಿಕ್ಕದು. ಸಾಫ್ಟ್‌ವೇರ್ ಉದ್ಯೋಗದ ಸಂಬಳ, ವಿದೇಶದಿಂದ ಬಂದ ಬ್ರ್ಯಾಂಡುಗಳು, ವಾರಾಂತ್ಯದ ಸವಾರರ ಗುಂಪುಗಳು, 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್ ಎಂಬ ಸೈಕಲ್ ಯಾತ್ರೆ, ಇವೆಲ್ಲ ಸೇರಿ ಅದನ್ನು ಕಟ್ಟಿದವು. ಇಲ್ಲಿ ಯಂತ್ರ ಮೊದಲು ಬಂತು, ಕಲಿಕೆ ಅದನ್ನು ಹುಡುಕಿಕೊಂಡು ಬಂತು. ಈ ಪರಂಪರೆಯ ಬಗ್ಗೆ ನನಗೆ ತಾತ್ಸಾರವಿಲ್ಲ. ಸೈಕಲ್ಲನ್ನು ಬಡವರ ವಾಹನವೆಂದು ಮೂಲೆಗೆ ತಳ್ಳಿದ್ದ ನಗರದಲ್ಲಿ ಅದಕ್ಕೆ ಮತ್ತೆ ಮರ್ಯಾದೆ ತಂದುಕೊಟ್ಟವರು ಈ ಜನ. ಆದರೆ ಅವರೊಳಗಿಂದ ಎದ್ದುಬಂದ ದೊಡ್ಡ ಹೆಸರನ್ನು ನೋಡಿದರೆ ವಾದ ಮತ್ತೆ ಕಲಿಕೆಯ ಕಡೆಗೇ ವಾಲುತ್ತದೆ. ಬೆಂಗಳೂರಿನ ನವೀನ್ ಜಾನ್ ರಾಷ್ಟ್ರೀಯ ಟೈಮ್ ಟ್ರಯಲ್ ಚಾಂಪಿಯನ್ ಪಟ್ಟ ಗೆದ್ದವರು. ಗಡಿಯಾರದ ಎದುರು ಒಬ್ಬಂಟಿಯಾಗಿ ತುಳಿಯುವ ಆ ಸ್ಪರ್ಧೆಯಲ್ಲಿ ಏರೊ ಉಪಕರಣದ ಮಹಿಮೆ ಅತಿ ಹೆಚ್ಚು. ಅಂಥವರೂ ಬೆಲ್ಜಿಯಂಗೆ ಹೋಗಿ ಅಲ್ಲಿನ ಊರೂರ ರೇಸುಗಳಲ್ಲಿ ಪಳಗಿದರು. ಮೂರು ಲಕ್ಷದ ಸೈಕಲ್ ಬೆಂಗಳೂರಿನಲ್ಲಿ ಸಿಗುತ್ತಿತ್ತು. ನೂರು ಜನರ ಗುಂಪಿನೊಳಗೆ ಭುಜಕ್ಕೆ ಭುಜ ತಾಗಿಸಿ, ಯಾವಾಗ ಮುಂದೆ ನುಗ್ಗಬೇಕು, ಯಾವಾಗ ಮರೆಯಲ್ಲಿ ಉಳಿಯಬೇಕು ಎಂಬ ಬುದ್ಧಿ ಇಲ್ಲಿ ಸಿಗುತ್ತಿರಲಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ವಾದ ಬಲವಾದದ್ದು, ಅದನ್ನು ಪೂರ್ತಿಯಾಗಿ ಕೇಳಬೇಕು. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವವನ ಶಕ್ತಿಯಲ್ಲಿ ಶೇ. 80ಕ್ಕೂ ಹೆಚ್ಚು ಪಾಲು ಗಾಳಿಯನ್ನು ತಳ್ಳುವುದಕ್ಕೇ ಖರ್ಚಾಗುತ್ತದೆ. ವೇಗ ಏರಿದಂತೆ ಆ ಖರ್ಚು ಘನದ ಲೆಕ್ಕದಲ್ಲಿ ಏರುತ್ತದೆ: 30 ಕಿ.ಮೀ. ವೇಗವನ್ನು 33ಕ್ಕೆ ಏರಿಸಬೇಕಾದರೆ, ಅಂದರೆ ಹತ್ತನೆಯ ಒಂದು ಪಾಲು ಹೆಚ್ಚಿಸಬೇಕಾದರೆ, ಗಾಳಿಗೆ ಸಲ್ಲಿಸುವ ಶಕ್ತಿ ಮೂರನೆಯ ಒಂದು ಪಾಲು ಹೆಚ್ಚಬೇಕು. ತಿಂಗಳುಗಟ್ಟಲೆ ಬೆವರು ಸುರಿಸಿ ಗಳಿಸಿದ ಶಕ್ತಿ ಹೀಗೆ ಗಾಳಿಯಲ್ಲಿ ಕರಗಿಹೋಗುವಾಗ, ಗಾಳಿಯನ್ನೇ ತಪ್ಪಿಸುವ ಯಂತ್ರಕ್ಕೆ ದುಡ್ಡು ಹಾಕುವುದು ಜಾಣತನವಲ್ಲವೇ ಎಂದು ಕೇಳುತ್ತಾರೆ. ಇದಕ್ಕೆ ಸಾಕ್ಷಿಯಾಗಿ ಚರಿತ್ರೆಯನ್ನೂ ಕರೆಯುತ್ತಾರೆ. 1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ ಗ್ರೆಗ್ ಲೆಮಾಂಡ್ 50 ಸೆಕೆಂಡು ಹಿಂದಿದ್ದರು. ವರ್ಸೈಲ್ಸ್‌ನಿಂದ ಪ್ಯಾರಿಸ್‌ವರೆಗಿನ 24.5 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ, ಮೊಣಕೈ ಊರಲು ಬರುವಂತೆ ಮುಂದಕ್ಕೆ ಚಾಚಿದ ಹೊಸ ಹ್ಯಾಂಡಲ್ ಹಿಡಿದು, ಲೋರಾ ಫಿನ್ಯೋನ್ ಅವರನ್ನು ಒಟ್ಟು ಲೆಕ್ಕದಲ್ಲಿ 8 ಸೆಕೆಂಡುಗಳಿಂದ ಸೋಲಿಸಿದರು. ಬ್ರಿಟನ್ನಿನ ಕ್ರಿಸ್ ಬೋರ್ಡ್‌ಮನ್ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಲೋಟಸ್ ಕಂಪನಿಯ ಕಾರ್ಬನ್ ಸೈಕಲ್ ಏರಿ ಚಿನ್ನ ಗೆದ್ದರು. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಅದೇ ಬೋರ್ಡ್‌ಮನ್ ಅವರ ಎರಡು ಅಂಕಿಗಳು. ಒಂದು ಗಂಟೆಯಲ್ಲಿ ಎಷ್ಟು ದೂರ ತುಳಿಯಬಹುದು ಎಂಬ ದಾಖಲೆಯಲ್ಲಿ 1996ರಲ್ಲಿ ಅವರು ಮ್ಯಾಂಚೆಸ್ಟರ್‌ನಲ್ಲಿ ಸಾಧಿಸಿದ್ದು 56.375 ಕಿ.ಮೀ. ಆಮೇಲೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ನಿಯಮ ಬಿಗಿ ಮಾಡಿ, 1972ರಲ್ಲಿ ಎಡ್ಡಿ ಮರ್ಕ್ಸ್ ತುಳಿದಂಥ ಸಾದಾ ಸೈಕಲ್ಲಿನಲ್ಲೇ ದಾಖಲೆ ಆಗಬೇಕೆಂದಿತು. 2000ದಲ್ಲಿ, ನಿವೃತ್ತಿಯ ಹೊಸ್ತಿಲಲ್ಲಿ, ಅದೇ ಟ್ರ್ಯಾಕಿನಲ್ಲಿ ಅವರು ತುಳಿದದ್ದು 49.441 ಕಿ.ಮೀ. ಮರ್ಕ್ಸ್ ಅವರ 49.431ಕ್ಕಿಂತ ಬರೀ ಹತ್ತು ಮೀಟರ್ ಹೆಚ್ಚು. ಒಬ್ಬನೇ ಮನುಷ್ಯ, ಒಂದೇ ಟ್ರ್ಯಾಕು, ನಡುವೆ ಸುಮಾರು ಏಳು ಕಿಲೋಮೀಟರಿನ ಅಂತರ.

ಈ ಏಳು ಕಿಲೋಮೀಟರನ್ನು ಅಲ್ಲಗಳೆಯಲು ಆಗುವುದಿಲ್ಲ, ಅಲ್ಲಗಳೆಯಲೂ ಬಾರದು. ವಯಸ್ಸೂ ಆರೋಗ್ಯವೂ ಅದರಲ್ಲಿ ಸ್ವಲ್ಪ ತಿಂದಿರಬಹುದು, ಉಳಿದದ್ದು ಗಾಳಿಯದೇ. ಆದರೆ ಕೇಳಬೇಕಾದ ಮುಂದಿನ ಪ್ರಶ್ನೆಯನ್ನು ಏರೊ ಪಕ್ಷದವರು ಸಾಮಾನ್ಯವಾಗಿ ಕೇಳುವುದಿಲ್ಲ: ಗಾಳಿಗೆ ಅಡ್ಡ ನಿಲ್ಲುವುದು ಯಾವುದು? ಸೈಕಲ್ ಅಲ್ಲ, ಸವಾರ. ಒಟ್ಟು ತಡೆಯಲ್ಲಿ ಸುಮಾರು ಮುಕ್ಕಾಲು ಪಾಲು ಅವನ ತಲೆ, ಭುಜ, ಎದೆ, ಕಾಲುಗಳದು. 1996ರಲ್ಲಿ ಬೋರ್ಡ್‌ಮನ್ ಎರಡೂ ಕೈಗಳನ್ನು ಮುಂದಕ್ಕೆ ನೀಟಾಗಿ ಚಾಚಿ ಮಲಗಿದಂತೆ ಬಾಗಿದ್ದರು. ಆ ಭಂಗಿಯನ್ನು ಕಂಡುಹಿಡಿದದ್ದು ಯಾವ ಕಾರ್ಖಾನೆಯೂ ಅಲ್ಲ, ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ. ತಮ್ಮ ಕೈಯಾರೆ ಕಟ್ಟಿದ, ಬಟ್ಟೆ ಒಗೆಯುವ ಯಂತ್ರದ ಬೇರಿಂಗ್ ಜೋಡಿಸಿದ ಸೈಕಲ್ಲಿನ ಮೇಲೆ 1993ರಲ್ಲಿ ನಾರ್ವೆಯ ಹಾಮಾರ್‌ನಲ್ಲಿ 51.596 ಕಿ.ಮೀ. ತುಳಿದು ವಿಶ್ವದಾಖಲೆ ಮಾಡಿದ ಮನುಷ್ಯ ಅವರು. ಲೆಮಾಂಡ್ ಗೆದ್ದದ್ದೂ ಇಡೀ ಸೈಕಲ್ ಬದಲಿಸಿ ಅಲ್ಲ. ಟ್ರಯಥ್ಲಾನ್ ಆಟಗಾರರು ಆಗಲೇ ಬಳಸುತ್ತಿದ್ದ ಒಂದು ಹ್ಯಾಂಡಲ್ ತುಂಡು ಅವರ ಮೊಣಕೈಗಳನ್ನು ಒಳಕ್ಕೆ ತಂದಿತು, ಬೆನ್ನನ್ನು ತಗ್ಗಿಸಿತು. ಏರೊ ಎಂಬುದರ ಮಹಿಮೆಯನ್ನು ಸಾರಲು ಕರೆದ ಸಾಕ್ಷಿಗಳೇ ಹೀಗೆ, ಸವಾಲು ಹಾಕಿ ಕೇಳಿದಾಗ, ದೇಹವನ್ನು ಬಾಗಿಸುವ ವಿದ್ಯೆಯ ಪರವಾಗಿ ನುಡಿಯುತ್ತಾರೆ. ಬಾಗಿದ ದೇಹದಲ್ಲಿ ಉಸಿರು ಕಟ್ಟದಂತೆ, ಸೊಂಟ ನೋಯದಂತೆ, ಒಂದು ಗಂಟೆ ಒಂದೇ ಬಲದಲ್ಲಿ ತುಳಿಯಲು ತಿಂಗಳುಗಳ ಅಭ್ಯಾಸ ಬೇಕು, ಪಕ್ಕದಲ್ಲಿ ನಿಂತು ನೋಡುವ ಕಣ್ಣು ಬೇಕು. ಬಾರ್ಸಿಲೋನಾದ ಚಿನ್ನದ ಹಿಂದೆಯೂ ಲೋಟಸ್ ಹೆಸರಿನಷ್ಟು ಗದ್ದಲ ಮಾಡದ ಒಬ್ಬ ಕೋಚ್ ಇದ್ದರು, ಪೀಟರ್ ಕೀನ್. ಮುಂದೆ ಬ್ರಿಟನ್ ಸೈಕ್ಲಿಂಗಿನ ಇಡೀ ತರಬೇತಿ ಕಾರ್ಯಕ್ರಮವನ್ನು ಕಟ್ಟಿದವರು ಅವರೇ.

ನಮ್ಮ ದೇಶದ್ದೇ ಇನ್ನೊಂದು ಸಾಕ್ಷಿಯಿದೆ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಮರದ ಹಲಗೆಯ ಒಳಾಂಗಣ ವೆಲೊಡ್ರೋಮ್ ಎದ್ದಿತು. ಉಪಕರಣ, ಕಟ್ಟಡ, ದುಡ್ಡು ಎಲ್ಲ ಆ ವರ್ಷವೇ ಇತ್ತು, ಪದಕ ಇರಲಿಲ್ಲ. ವರ್ಷಗಳ ನಂತರ, ಅದೇ ಟ್ರ್ಯಾಕಿನ ಪಕ್ಕದಲ್ಲಿ ಎಳೆಯ ಹುಡುಗರನ್ನು ಇರಿಸಿ ಬಿಡುವಿಲ್ಲದೆ ಕಲಿಸಿದ ಮೇಲೆ, 2018ರ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಂಡಮಾನಿನ ಈಸೋ ಆಲ್ಬನ್ ಕೀರಿನ್ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು. 2019ರಲ್ಲಿ ಭಾರತದ ಹುಡುಗರು ಜೂನಿಯರ್ ಟೀಮ್ ಸ್ಪ್ರಿಂಟ್‌ನಲ್ಲಿ ಚಿನ್ನವನ್ನೇ ತಂದರು. ಟ್ರ್ಯಾಕು ಹಳೆಯದಾಗಿತ್ತು, ಕಲಿಕೆ ಮಾಗಿತ್ತು.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ, ಅದು ಬರುವುದು ವಿಜಯಪುರದ ಕಡೆಯಿಂದಲೇ. ಕಲಿಕೆಯೇ ಸಾಕಾಗಿದ್ದರೆ ಅಲ್ಲಿನ ಒಕ್ಕಲು ಮನೆಯ ತಂದೆ ತಾಯಿ ಸಾಲ ಮಾಡಿ ಮಗಳಿಗೆ ಕಾರ್ಬನ್ ಸೈಕಲ್ ಕೊಡಿಸುವುದೇಕೆ? ಅವರಿಗೆ ಗೊತ್ತಿರುವ ಸತ್ಯ ಸರಳವಾದದ್ದು: ರಾಷ್ಟ್ರೀಯ ಕೂಟದ ಗೆರೆಯ ಮೇಲೆ ನಿಂತ ಹತ್ತು ಮಂದಿಯೂ ಸಮನಾಗಿ ಕಲಿತವರಾಗಿದ್ದರೆ, ಹಗುರವಾದ, ಗಾಳಿಗೆ ಜಾರುವ ಸೈಕಲ್ ಇರುವವರು ಗೆಲ್ಲುತ್ತಾರೆ. ಹಳೆಯ ಉಕ್ಕಿನ ಸೈಕಲ್ ಕೊಟ್ಟು ಛಲವೊಂದಿದ್ದರೆ ಸಾಕು ಎಂದು ಬಡ ಮಕ್ಕಳಿಗೆ ಉಪದೇಶ ಮಾಡುವುದು ಅನ್ಯಾಯ. ಇದನ್ನು ನಾನು ಒಪ್ಪುತ್ತೇನೆ. ಆದರೆ ಈ ಮಾತು ಯಂತ್ರಕ್ಕೆ ಕೊಡುವ ಸ್ಥಾನ ಯಾವುದು ನೋಡಿ: ಕಲಿಕೆಯ ಕೊನೆಗೆ, ಸಮಾನರ ನಡುವೆ. ಸಾಲ ಮಾಡಿದ ಆ ಮನೆಯ ಮಗಳು ಸೈಕಲ್ ಕೈಗೆ ಬರುವ ಹೊತ್ತಿಗಾಗಲೇ ಹಾಸ್ಟೆಲಿನಲ್ಲಿ ವರ್ಷಗಳ ಕಾಲ ಪಳಗಿರುತ್ತಾಳೆ. ಅಂಥ ಹಂತಕ್ಕೆ ಬಂದವರಿಗೆ ಸೈಕಲ್ ಕೊಡಿಸುವ ಹೊಣೆ ಸರ್ಕಾರದ್ದಾಗಬೇಕೇ ಹೊರತು ಮನೆಯವರ ಸಾಲದ್ದಾಗಬಾರದು. ಕೆಟ್ಟ ಕೋಚ್ ಸಿಕ್ಕಿದರೇನು ಎಂಬ ಪ್ರಶ್ನೆಯೂ ಇದೆ, ಸೈಕಲ್ಲಿಗಾದರೆ ವಾರಂಟಿ ಇರುತ್ತದೆ, ಕೋಚಿಗೆ ಇರುವುದಿಲ್ಲ. ಕೋಚ್ ಆರಿಸುವಾಗ ಅವರ ಕೈಯಲ್ಲಿ ಕಲಿತವರನ್ನು ನೋಡಿ ಆರಿಸಬೇಕು ಎಂಬುದೇ ಅದಕ್ಕೆ ಉತ್ತರ.

ಕಣಕಟ್ಟೆಯ ಕಡೆಯ ಮಗುವಿಗೆ ಇದರಲ್ಲಿ ಏನಿದೆ? 2006–07ರಲ್ಲಿ ರಾಜ್ಯ ಸರ್ಕಾರ ಹೈಸ್ಕೂಲಿನ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಹಳ್ಳಿಯಿಂದ ಶಾಲೆಗೆ ಸಾಲುಗಟ್ಟಿ ಸೈಕಲ್ ತುಳಿದು ಬಂದ ಹುಡುಗಿಯರು ಅದರ ದೊಡ್ಡ ಗೆಲುವು, ನಾಲ್ಕು ಗೋಡೆಯ ಆಚೆಗಿನ ದೂರ ಅವರ ಕಾಲಿಗೆ ಮೊದಲ ಬಾರಿ ಎಟುಕಿತು. ಅದು ರೇಸಿನ ಯೋಜನೆಯಾಗಿರಲಿಲ್ಲ, ಆ ಅಳತೆಯಿಂದ ಅದನ್ನು ಅಳೆಯಬಾರದು. ಆದರೂ ಒಂದು ಸಂಗತಿ ಕಾಣುತ್ತದೆ. ಸೈಕಲ್ ರಾಜ್ಯದ ಉದ್ದಗಲಕ್ಕೂ ಹಂಚಿಹೋಯಿತು, ರೇಸುಗಾರರು ಮಾತ್ರ ಬಹುಪಾಲು ಹಾಸ್ಟೆಲ್ ಮತ್ತು ಕೋಚ್ ಇದ್ದ ಜಿಲ್ಲೆಗಳಿಂದಲೇ ಬರುತ್ತ ಹೋದರು. ಅರಸೀಕೆರೆ ಸೀಮೆಯ ಮಕ್ಕಳ ಕಾಲಿನಲ್ಲಿ ವಿಜಯಪುರದ ಮಕ್ಕಳಿಗಿಂತ ಶಕ್ತಿ ಕಡಿಮೆ ಎಂದು ನಂಬಲು ಕಾರಣವೇ ಇಲ್ಲ.

ಆ ಶಕ್ತಿಗೆ ದಾರಿ ತೋರಿಸಲು ಮೊದಲ ವರ್ಷ ಏರೊ ಸೈಕಲ್ ಬೇಕಿಲ್ಲ. ಸೀಟಿನ ಎತ್ತರ ಕಾಲಿನ ಅಳತೆಗೆ ಸರಿಹೊಂದಿಸುವುದು, ಮೊಣಕೈ ಮಡಿಸಿ ಬೆನ್ನು ತಗ್ಗಿಸುವುದು, ಬಲವಂತವಾಗಿ ಮೆಟ್ಟದೆ ಚುರುಕಾಗಿ ತಿರುಗಿಸುವ ಪೆಡಲಿನ ಲಯ, ಮುಂದಿನವರ ಚಕ್ರಕ್ಕೆ ಒಂದು ಗೇಣು ಬಿಟ್ಟು ಹಿಂಬಾಲಿಸಿ ಶ್ರಮದ ಮೂರನೆಯ ಒಂದು ಪಾಲಿನಷ್ಟನ್ನು ಉಳಿಸುವ ಜಾಣ್ಮೆ, ಮೊದಲ ಮೈಲಿಯಲ್ಲೇ ಉಸಿರೆಲ್ಲ ಸುರಿದುಬಿಡದ ಸಂಯಮ, ಇವನ್ನೆಲ್ಲ ಸಾಧಾರಣ ಗೇರ್ ಸೈಕಲ್ಲಿನ ಮೇಲೂ ಕಲಿಸಬಹುದು. ಕಲಿಸುವವರು ಒಬ್ಬರು ಬೇಕು, ಜೊತೆಗೆ ತುಳಿಯುವ ಐದಾರು ಮಕ್ಕಳು ಬೇಕು, ವಾಹನ ವಿರಳವಾದ ಬೆಳಗಿನ ಎರಡು ಗಂಟೆ ಬೇಕು. ಒಂದು ದುಬಾರಿ ಏರೊ ಸೈಕಲ್ಲಿನ ಬೆಲೆಯಲ್ಲಿ ಅಂಥ ಒಬ್ಬ ಕೋಚ್‌ಗೆ ವರ್ಷವಿಡೀ ಸಂಬಳ ಕೊಡಬಹುದು. ಚೆನ್ನಾಗಿ ತುಳಿದ ಮಗುವನ್ನು ಚಂದರಗಿಗೋ ವಿಜಯಪುರಕ್ಕೋ ಆಯ್ಕೆಗೆ ಕಳಿಸಬಹುದು, ಅಲ್ಲಿ ಅವಳ ಕಾಲು ಸೈಕಲ್ಲನ್ನು ಮೀರಿ ಬೆಳೆದ ದಿನ ಕಾರ್ಬನ್ ಚೌಕಟ್ಟಿನ ಮಾತು ಎತ್ತಬಹುದು.